ಎಲ್ವಾ ನದಿಯೂ ಅದರ ಮೀನೂ

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ವಾಯವ್ಯ ಮೂಲೆಯಲ್ಲಿ ವಾಷಿಂಗ್ಟನ್ ಎಂಬ ಸಂಸ್ಥಾನವಿರುವುದು. ಆ ದೇಶದ ರಾಜಧಾನಿಯಾದ ವಾಷಿಂಗ್ಟನ್ ನಗರಕ್ಕೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಅದು ಮೂಡಣ ಕಡಲಿನ ಕಡೆಯದು, ಇದು ಪಡುವಣ ಕಡಲಿನ ಕಡೆಯದು. ನಡುವೆ ಎರಡು ಸಾವಿರ ಮೈಲಿಗೂ ಮಿಕ್ಕ ದೂರ. ಈ ಸಂಸ್ಥಾನದ ಪಶ್ಚಿಮಾಂತ್ಯದಲ್ಲಿ ಮೂರು ಕಡೆ ಉಪ್ಪುನೀರು ಸುತ್ತಿದ ಒಂದು ಪರ್ಯಾಯದ್ವೀಪವುಂಟು. ಅದರ ನಟ್ಟನಡುವೆ ಒಲಿಂಪಿಕ್ ಪರ್ವತಗಳು ಗುಂಪುಗೂಡಿ ನಿಂತಿವೆ. ಇವುಗಳಲ್ಲಿ ಅತ್ಯುನ್ನತವಾದ ಒಲಿಂಪಸ್ ಶಿಖರವು ೭,೯೮೦ ಅಡಿ. ನಮ್ಮ ನೀಲಗಿರಿಯ ದೊಡ್ಡಬೆಟ್ಟವೇ ಅದಕ್ಕಿಂತ ತುಸು ಎತ್ತರ. ಆದರೂ ಉತ್ತರಕ್ಕೆ ಅಷ್ಟು ದೂರವಿರುವ ಕಾರಣ ಆ ಶಿಖರದ ಮೇಲೆ ವರ್ಷವೆಲ್ಲ ಹಿಮ ನಿಂತಿರುತ್ತದೆ. ಬಂಡಿಯ ಗುಂಬದಿಂದ ಅರೆಕಾಲುಗಳು ಹೊರಟಂತೆ ಈ ಪರ್ವತಗಳಿಂದ ನಾಲ್ಕು ದಿಕ್ಕಿಗೂ ಹೊಳೆಗಳು ಹೊರಡುವುವು. ಅವುಗಳಲ್ಲಿ ಉತ್ತರಾಭಿಮುಖವಾಗಿ ೪೫ ಮೈಲಿ ಹರಿದು ಹ್ವಾನ್ ದೆ ಫ್ಯೂಕಾ ಎಂಬ ಜಲಸಂಧಿಯನ್ನು ಸೇರುವ ಹೊಳೆಯೇ ಎಲ್ವಾ. ಜಲಸಂಧಿಯ ಆಚೆಯ ದಡದಲ್ಲಿ ಕಾಣುವುದು ಕೆನಡಾ ದೇಶದ ನೆಲ.

ಹೊಳೆಯೇನೂ ದೊಡ್ಡದಲ್ಲ, ಉದ್ದದಲ್ಲಿ ನಮ್ಮ ಶರಾವತಿಗಿಂತಲೂ ಕಡಿಮೆ. ಇಂತಹ ಹೊಳೆಯನ್ನು ನೋಡಲು ನಾವು ಹೋದುದಕ್ಕೆ ಕಾರಣನಾದವನು ನಮ್ಮ ತಂಗಿಯ ಮಗ. ಅವನು ಸಿಯಾಟಲ್ ನಗರದ ಬಳಿ ಗಣಕಯಂತ್ರಗಳ ಉದ್ಯೋಗದಲ್ಲಿರುವನು. ಕಳೆದ ಸೆಪ್ಟೆಂಬರಿನಲ್ಲಿ ನಾವೂ ನಮ್ಮ ಮನೆಯಾಕೆಯೂ ಅವನ ಮನೆಯಲ್ಲಿದ್ದಾಗ ಒಂದು ಸಂಜೆ ಅವನು, “ಮಾವ, ನೀವು ನಮ್ಮನ್ನು ಚಿಕ್ಕಂದಿನಲ್ಲಿ ಕನ್ನಂಬಾಡಿ ಕಟ್ಟೆ ತೋರಿಸಲು ಕರೆದುಕೊಂಡು ಹೋಗುತ್ತಿದ್ದಿರಿ. ಇಲ್ಲಿಯವರು ಕಟ್ಟೆ ಕೆಡವಿದ ಜಾಗವನ್ನು ತೋರಿಸುತ್ತಾರೆ. ನಡೆಯಿರಿ, ನೋಡಿ ಬರೋಣ” ಎಂದನು. ಕಾವೇರಿಯ ನೀರು ಕುಡಿದು ಬೆಳೆದ ನಮಗೆ ಈ ಮಾತು ವಿಚಿತ್ರವಾಗಿ ಕೇಳಿಸಿತು. ಕಟ್ಟೆಯೆಂದರೆ ನಮಗೆ ಅನ್ನ. ಅದನ್ನು ಕೆಡಹುವರೆಂದರೆ ಏನು? “ಏತಕ್ಕೆ ಕೆಡವಿದರು?” ಎಂದು ನಮ್ಮ ಮನೆಯಾಕೆ ಕೇಳಿದಳು. “ಮೀನಿಗಾಗಿ, ಅತ್ತೆ” ಎಂದನು. ಮೀನನ್ನು ಮುಟ್ಟದ ಮನೆತನದವರಾದ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮರುದಿನ ಬೆಳಗ್ಗೆ ಸಿಯಾಟಲಿನ ರೇವಿನಲ್ಲಿ ಕಾರಿನೊಂದಿಗೇ ಹಡಗನ್ನೇರಿ, ಅರ್ಧ ಗಂಟೆಯಲ್ಲಿ ಬೇನ್‌ಬ್ರಿಜ್ ದ್ವೀಪದಲ್ಲಿಳಿದು, ಅಲ್ಲಿಂದ ನೀರಿನ ಮೇಲೆ ತೇಲುವಂತೆ ಕಟ್ಟಿದ ಒಂದು ಉದ್ದನೆಯ ಸೇತುವೆಯನ್ನು ದಾಟಿ, ಮಧ್ಯಾಹ್ನದ ಹೊತ್ತಿಗೆ ಪೋರ್ಟ್ ಏಂಜಲಿಸ್ ಎಂಬ ಊರನ್ನು ಮುಟ್ಟಿದೆವು. ಸಣ್ಣ ರೇವುಪಟ್ಟಣ. ಕಟ್ಟಿಗೆಯ ವ್ಯಾಪಾರದಿಂದಲೂ ಕಾಗದದ ಕಾರ್ಖಾನೆಗಳಿಂದಲೂ ಬೆಳೆದದ್ದು. ಎಲ್ವಾ ನದಿಯು ಊರಿಗೆ ಕೆಲವೇ ಮೈಲಿ ಪಶ್ಚಿಮಕ್ಕೆ ಕಡಲನ್ನು ಸೇರುವುದು.

ಹೊಳೆಯ ದಡಕ್ಕೆ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದರ ಬಣ್ಣ. ಹಿಮ ಕರಗಿ ಬಂದ ನೀರಾದುದರಿಂದ ಹಸುರೂ ಅಲ್ಲದ ನೀಲಿಯೂ ಅಲ್ಲದ ಒಂದು ಬಗೆಯ ಹಾಲುಬೆರೆತ ಕಾಂತಿ. ಕೈಯಿಟ್ಟರೆ ಬೆರಳು ಮರಗಟ್ಟುವಷ್ಟು ತಣ್ಣಗೆ. ಈ ನೀರಿನಲ್ಲಿ ಹಲವು ಜಾತಿಯ ಸಾಲ್ಮನ್ ಮೀನುಗಳಿದ್ದರೂ ನಮ್ಮ ಮನಸ್ಸನ್ನು ಸೆಳೆದದ್ದು ಅವಲ್ಲ, ಅವುಗಳ ನಂಟನಾದ ಟ್ರೌಟ್ ಮೀನು. ಅದರ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು; ಅದು ತಿಳಿಯದೆ ಕಟ್ಟೆಯ ಕಥೆ ತಿಳಿಯದು.

ಈ ಮೀನಿಗೆ ಎರಡು ಹೆಸರು. ಹೊಳೆಯಲ್ಲಿಯೇ ಹುಟ್ಟಿ ಹೊಳೆಯಲ್ಲಿಯೇ ಬಾಳುವ ಮೀನನ್ನು ಕಾಮನಬಿಲ್ಲಿನ ಟ್ರೌಟ್ ಎನ್ನುವರು. ಅದರ ಮಗ್ಗುಲಿನುದ್ದಕ್ಕೂ ನಸುಗೆಂಪಿನ ಪಟ್ಟಿ, ಮೈಮೇಲೆ ಕರಿಯ ಚುಕ್ಕೆಗಳು. ತೂಕ ಸಾಮಾನ್ಯವಾಗಿ ಒಂದು ಸೇರಿನೊಳಗೆ. ಹೊಳೆಯಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮರಳಿ ಹೊಳೆಗೆ ಬರುವ ಮೀನನ್ನು ಸ್ಟೀಲ್‌ಹೆಡ್, ಎಂದರೆ ‘ಉಕ್ಕಿನ ತಲೆ’ ಎನ್ನುವರು. ಇದರ ಬೆನ್ನು ಉಕ್ಕಿನ ನೀಲಿ, ಹೊಟ್ಟೆ ಬೆಳ್ಳಿ. ತೂಕ ಎಂಟು ಹತ್ತು ಪೌಂಡು, ಕೆಲವು ಅದಕ್ಕೂ ಎಷ್ಟೋ ಹೆಚ್ಚು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದೇ ಜಾತಿಯೆಂದು ಯಾರೂ ಹೇಳರು. ಆದರೂ ಒಂದೇ ಜಾತಿ. ಅಷ್ಟೇ ಅಲ್ಲ, ಒಂದೇ ತಾಯಿಯ ಮೊಟ್ಟೆಗಳಿಂದ ಇವೆರಡೂ ಹುಟ್ಟುವುದುಂಟು.

ಚಳಿಗಾಲ ಹಿಂದೆಗೆಯುವ ಹೊತ್ತಿಗೆ ಹೆಣ್ಣು ಮೀನು, ಗುಂಡುಕಲ್ಲುಗಳ ನಡುವೆ ತಿಳಿನೀರು ಚುರುಕಾಗಿ ಹರಿಯುವ ಒಂದು ಸ್ಥಳವನ್ನು ಆರಿಸಿಕೊಳ್ಳುವುದು. ಮಗ್ಗುಲಾಗಿ ಮಲಗಿದಂತೆ ತಿರುಗಿ, ಬಾಲದಿಂದ ನೀರನ್ನು ಬಡಿದು ಬಡಿದು, ಜಲ್ಲಿಯಲ್ಲಿ ತಗ್ಗು ಮಾಡಿ ಮೊಟ್ಟೆಯಿಡುವುದು. ಗಂಡು ಪಕ್ಕದಲ್ಲಿ ನಿಂತು ತನ್ನ ಬೀಜವನ್ನು ಬಿಡುವುದು. ಬಳಿಕ ತಾಯಿಯು ತುಸು ಮೇಲುಗಡೆಯ ಜಲ್ಲಿಯನ್ನು ಕೆದರಲು ಅದು ನೀರಿನೊಡನೆ ಜರುಗಿ ಬಂದು ಮೊಟ್ಟೆಗಳನ್ನು ಮುಚ್ಚುವುದು. ಒಂದು ಹೆಣ್ಣಿಗೆ ಮೊಟ್ಟೆಗಳು ಸಾವಿರಗಟ್ಟಲೆ. ಕಲ್ಲುಗಳ ಸಂದಿನಲ್ಲಿ ನೀರು ಸುಳಿಯುತ್ತಿದ್ದರೆ ಮಾತ್ರವೇ ಅವು ಉಸಿರಾಡಬಲ್ಲವು. ನುಣ್ಣನೆಯ ಕೆಸರು ಬಂದು ಕೂತರೆ ಒಳಗೇ ಸಾಯುವುವು. ಒಂದೆರಡು ತಿಂಗಳೊಳಗೆ ಮರಿಗಳೊಡೆದು, ಹೊಟ್ಟೆಗೆ ಕಟ್ಟಿಕೊಂಡ ಹಳದಿಯ ಬುತ್ತಿ ತೀರುವವರೆಗೆ ಕಲ್ಲುಗಳ ಕೆಳಗೇ ಇದ್ದು, ಆಮೇಲೆ ಬೆಳಕಿಗೆ ಬರುವುವು.

ಆಗ ಅವು ದಡದ ತೆಳುನೀರಿನಲ್ಲಿ ಹುಳುಹುಪ್ಪಟೆಗಳನ್ನು ತಿಂದು ಬದುಕುವುವು. ಮಗ್ಗುಲಲ್ಲಿ ಬೆರಳೊತ್ತಿದಂತಹ ಕಪ್ಪು ಗುರುತುಗಳ ಸಾಲು. ಒಂದು ವರ್ಷ, ಎರಡು ವರ್ಷ, ಕೆಲವು ಮೂರು ವರ್ಷವೂ ಹೀಗೆಯೇ ಇರುವುವು. ಅನಂತರ ಒಂದು ವಸಂತದಲ್ಲಿ ಕೆಲವು ಮರಿಗಳ ಮೈಯಲ್ಲಿ ಯಾರೂ ಹೇಳಿಕೊಡದ ಮಾರ್ಪಾಡು ತೊಡಗುವುದು. ಬೆರಳ ಗುರುತುಗಳು ಮಾಸಿ ಮೈಯೆಲ್ಲ ಬೆಳ್ಳಿಯಾಗುತ್ತದೆ, ದೇಹ ನೀಳವಾಗುತ್ತದೆ, ಇದುವರೆಗೆ ಸಿಹಿನೀರಿನಲ್ಲಿ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತಿದ್ದ ಕಿವಿರುಗಳು ಇನ್ನು ಮುಂದೆ ಉಪ್ಪನ್ನು ಹೊರಗೆ ಹಾಕಲು ಸಿದ್ಧವಾಗುತ್ತವೆ. ಪ್ರವಾಹಕ್ಕೆ ಎದುರಾಗಿ ನಿಲ್ಲುತ್ತಿದ್ದ ಮೀನು ಪ್ರವಾಹಕ್ಕೆ ಮೈಯೊಪ್ಪಿಸಿ ಕೆಳಕ್ಕೆ ಹೊರಡುವುದು. ಕಡಲಲ್ಲಿ ದಡದ ಬಳಿ ಸುಳಿದಾಡದೆ ನೇರವಾಗಿ ಆಳಸಮುದ್ರಕ್ಕೆ ಹೋಗುವುದು ಇದರ ವಾಡಿಕೆ. ಅಲ್ಲಿ ಒಂದರಿಂದ ಮೂರು ವರ್ಷ ಮೇದು, ಸಾವಿರಾರು ಮೈಲಿ ಸುತ್ತಿ, ಹುಟ್ಟಿದ ಹೊಳೆಯ ಬಾಯಿಗೇ ಮರಳುವುದು. ಹತ್ತಿರ ಬಂದ ಮೇಲೆ ತನ್ನ ಹೊಳೆಯ ನೀರಿನ ವಾಸನೆಯಿಂದ ಅದನ್ನು ಗುರುತಿಸುವುದೆಂದು ಬಲ್ಲವರು ಹೇಳುವರು.

ಬರುವವುಗಳಲ್ಲಿಯೂ ಎರಡು ಪಂಗಡ. ಒಂದು ಚಳಿಗಾಲದಲ್ಲಿ ಬರುವುದು; ಅದು ತುಂಬಿದ ಬಸುರಿಯಾಗಿಯೇ ಬಂದು ಕೆಲವು ವಾರಗಳಲ್ಲಿ ಮೊಟ್ಟೆಯಿಡುವುದು. ಇನ್ನೊಂದು ಬೇಸಗೆಯಲ್ಲಿ ಬರುವುದು. ಅದರ ಮೊಟ್ಟೆಗಳು ಇನ್ನೂ ಬಲಿತಿರುವುದಿಲ್ಲ. ಇಕ್ಕಟ್ಟಾದ ಕಂದರಗಳನ್ನು ದಾಟಿ ಹೊಳೆಯ ಮೇಲುಗಡೆಯ ಮಡುಗಳಿಗೆ ಹೋಗಿ, ಬಹುಮಟ್ಟಿಗೆ ಉಪವಾಸದಲ್ಲಿಯೇ ಮುಂದಣ ವಸಂತದವರೆಗೆ ಕಾದಿರುವುದು. ನಮ್ಮ ಮನೆಯಾಕೆ ಇದನ್ನು ಕೇಳಿ, “ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ಹಾಗಾಯಿತು. ಕೆಲವರು ಏಳರಲ್ಲೇ ಬರುತ್ತಾರೆ, ಕೆಲವರು ನೋವು ಬರುವ ಹೊತ್ತಿಗೆ ಬರುತ್ತಾರೆ” ಎಂದಳು. ಹೋಲಿಕೆ ಸಲ್ಲದ್ದೇನಲ್ಲ. ಪೆಸಿಫಿಕ್ ಕಡಲಿನ ಸಾಲ್ಮನ್ನುಗಳು ಮೊಟ್ಟೆಯಿಟ್ಟ ಬಳಿಕ ಸತ್ತೇ ಹೋಗುವುವು. ಸ್ಟೀಲ್‌ಹೆಡ್ಡಿನಲ್ಲಿಯಾದರೋ ಕೆಲವು, ಅದರಲ್ಲಿಯೂ ಹೆಣ್ಣುಗಳು, ಬಡಕಲಾದ ಮೈಯನ್ನು ಹೊತ್ತು ಪುನಃ ಕಡಲಿಗೆ ಹೋಗಿ, ಚೇತರಿಸಿಕೊಂಡು ಮತ್ತೊಮ್ಮೆ ಬರುವುವು.

ಎಲ್ಲ ಮರಿಗಳೂ ಏಕೆ ಹೋಗುವುದಿಲ್ಲ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಹುಟ್ಟುಗುಣವೂ ಉಂಟು; ಹೊಳೆಯಲ್ಲಿ ದೊರೆತ ಆಹಾರ, ನೀರಿನ ಬಿಸಿಲು ತಂಪು, ಮರಿಯ ಬೆಳವಣಿಗೆಯ ವೇಗ, ಇವೂ ಉಂಟು. ಹೆಣ್ಣಿಗೆ ಕಡಲು ಹೆಚ್ಚು ಲಾಭದಾಯಕ. ಮೈ ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು. ಗಂಡು ಗೇಣುದ್ದದ ಮೈಯಲ್ಲಿಯೇ ತಂದೆಯಾಗಬಲ್ಲುದು. ಆದುದರಿಂದ ಮನೆಯಲ್ಲಿಯೇ ಉಳಿಯುವವುಗಳಲ್ಲಿ ಗಂಡುಗಳು ಹೆಚ್ಚು. ಹೊಳೆಯಲ್ಲಿ ಉಳಿದ ಸಣ್ಣ ಗಂಡು, ಕಡಲಿನಿಂದ ಬಂದ ದೊಡ್ಡ ಹೆಣ್ಣಿನ ಬಳಿ ನುಸುಳಿ ಬಂದು ಸಂತಾನ ಪಡೆಯುವುದೂ ಉಂಟು. ಹೀಗೆ ಹೋಗುವ ಮನೆತನ, ಉಳಿಯುವ ಮನೆತನ ಎಂದು ಎರಡು ಬೇರೆ ಬೇರೆ ಇಲ್ಲ. ಕೊಟ್ಟು ತಂದು ಒಂದೇ ಬಳಗವಾಗಿದೆ.

ಈ ಮೀನು ನಮ್ಮ ನಾಡಿಗೆ ತೀರ ಅಪರಿಚಿತವಲ್ಲವೆಂದು ಹೇಳಿದರೆ ವಾಚಕರಿಗೆ ಆಶ್ಚರ್ಯವಾದೀತು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಹೊರನಾಡುಗಳಿಂದ ಇದರ ಮೊಟ್ಟೆಗಳನ್ನು ತರಿಸಿ ನೀಲಗಿರಿಯ ಹೊಳೆಗಳಲ್ಲಿ ಬೆಳೆಸಿದರು. ಅವಲಾಂಚಿಯಲ್ಲಿ ಅದಕ್ಕಾಗಿಯೇ ಮರಿಮನೆ ಕಟ್ಟಿದರು. ಅಲ್ಲಿಯ ನೀರು ಕುಂದಾ ಹೊಳೆಯನ್ನೂ ಭವಾನಿಯನ್ನೂ ಕೂಡಿ ಕಾವೇರಿಗೆ ಬರುವುದು. ಆದರೆ ಬೆಟ್ಟದ ತಂಪನ್ನು ಬಿಟ್ಟು ಬಯಲಿನ ಬೆಚ್ಚನೆಯ ನೀರಿಗಿಳಿದರೆ ಈ ಮೀನು ಬದುಕಲಾರದು. ಕಡಲಿಗೆ ದಾರಿಯಿದ್ದರೂ ಅದಕ್ಕೆ ದಾರಿಯಿಲ್ಲ. ನೀಲಗಿರಿಯ ಟ್ರೌಟು ಬೆಟ್ಟದ ಮೇಲೆಯೇ ಹುಟ್ಟಿ ಬೆಟ್ಟದ ಮೇಲೆಯೇ ಸಾಯುವುದು.

ಎಲ್ವಾದಲ್ಲಿ ದಾರಿಯನ್ನು ಮುಚ್ಚಿದವರು ಮನುಷ್ಯರು. ೧೯೧೦ರಲ್ಲಿ ಅಳಿವೆಯಿಂದ ಐದು ಮೈಲಿ ಮೇಲುಗಡೆ ವಿದ್ಯುಚ್ಛಕ್ತಿಗಾಗಿ ಒಂದು ಕಟ್ಟೆಯನ್ನು ಕಟ್ಟತೊಡಗಿದರು. ಮೀನು ಹೋಗುವ ಹೊಳೆಗೆ ಅಡ್ಡ ಕಟ್ಟಿದರೆ ಮೀನಿಗೆ ದಾರಿ ಬಿಡತಕ್ಕದ್ದೆಂದು ೧೮೯೦ರಿಂದಲೂ ಆ ಸಂಸ್ಥಾನದಲ್ಲಿ ಕಾನೂನಿತ್ತು. ಆದರೂ ದಾರಿ ಬಿಡಲಿಲ್ಲ. ಬದಲಾಗಿ ಕಟ್ಟೆಯ ಬುಡದಲ್ಲಿ ಒಂದು ಮರಿಮನೆಯನ್ನಿಟ್ಟು ಮೊಟ್ಟೆಯೊಡೆಸುವೆವೆಂದು ಒಪ್ಪಂದವಾಯಿತು. ೧೯೨೨ರಲ್ಲಿ ಆ ಮರಿಮನೆಯನ್ನೂ ಕೈಬಿಟ್ಟರು. ಕೆಲಸವೂ ಭದ್ರವಾಗಿರಲಿಲ್ಲ. ೧೯೧೨ರ ಅಕ್ಟೋಬರ್ ೩೧ರಂದು ಕಟ್ಟೆಯ ತಳದ ಜಲ್ಲಿಯನ್ನು ಕೊರೆದುಕೊಂಡು ನೀರೆಲ್ಲ ನುಗ್ಗಿ ಹೊರಬಿದ್ದು, ಕೆಳಗೆ ದಡದಲ್ಲಿದ್ದ ಕ್ಲಾಲಂ ಜನರ ಮನೆಗಳನ್ನು ಕೊಚ್ಚಿಹಾಕಿತು. ಬಂಡೆಗಳಿಂದಲೂ ಫರ್ ಮರಗಳ ಚಾಪೆಗಳಿಂದಲೂ ಬಾಯಿಯನ್ನು ಮುಚ್ಚಿ, ೧೯೧೩ರಲ್ಲಿ ದೀಪ ಹಚ್ಚಿಯೇಬಿಟ್ಟರು. ಎತ್ತರ ೧೦೮ ಅಡಿ. ೧೯೨೭ರಲ್ಲಿ ಇನ್ನೂ ಎಂಟು ಮೈಲಿ ಮೇಲುಗಡೆ, ಗ್ಲೈನ್ಸ್ ಕಂದರದಲ್ಲಿ, ೨೧೦ ಅಡಿಯ ಎರಡನೆಯ ಕಟ್ಟೆ ಎದ್ದಿತು. ಊರು ಬೆಳೆಯಿತು, ಕಾರ್ಖಾನೆಗಳು ಓಡಿದುವು. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಈ ಕಟ್ಟೆಗಳಿಂದ ಒಂದು ಗದ್ದೆಗೂ ನೀರು ಹಾಯುತ್ತಿರಲಿಲ್ಲ. ಕೊನೆಕೊನೆಗೆ ಇವೆರಡರ ವಿದ್ಯುತ್ತೂ ಸೇರಿ ಒಂದು ಕಾಗದದ ಕಾರ್ಖಾನೆಯ ಅಗತ್ಯದ ಅರ್ಧಕ್ಕೂ ಬರುತ್ತಿರಲಿಲ್ಲ. ಕನ್ನಂಬಾಡಿಯ ಲೆಕ್ಕವನ್ನು ಇಲ್ಲಿಗೆ ತರಲಾಗದೆಂಬುದು ನಮಗೆ ಆಗ ಅರ್ಥವಾಯಿತು.

ಕಟ್ಟೆಗಿಂತ ಮೊದಲು ವರ್ಷಕ್ಕೆ ನಾಲ್ಕು ಲಕ್ಷಕ್ಕೆ ಸಮೀಪದಷ್ಟು ಸಾಲ್ಮನ್ನುಗಳೂ ಸ್ಟೀಲ್‌ಹೆಡ್ಡುಗಳೂ ಈ ಹೊಳೆಗೆ ಬರುತ್ತಿದ್ದುವೆಂದು ಒಂದು ಅಂದಾಜು. ಎಪ್ಪತ್ತು ಮೈಲಿಗೂ ಮಿಕ್ಕ ಹೊಳೆಹಳ್ಳಗಳು ಅವುಗಳಿಗೆ ತವರಾಗಿದ್ದುವು. ಕಟ್ಟೆ ನಿಂತ ಮೇಲೆ ಉಳಿದದ್ದು ಕೆಳಗಣ ಐದು ಮೈಲಿ. ಅದೂ ಕ್ರಮೇಣ ಹಾಳಾಯಿತು. ಜಲ್ಲಿಯೂ ಮರಳೂ ಕಟ್ಟೆಯ ಹಿಂದೆಯೇ ನಿಂತುಹೋಗಿ, ಕೆಳಗಣ ಪಾತ್ರದಲ್ಲಿ ಮೀನು ತೋಡಲಾರದ ದಪ್ಪ ಕಲ್ಲುಗಳೇ ಉಳಿದುವು. ಬರುವ ಮೀನು ಕೆಲವೇ ಸಾವಿರಕ್ಕಿಳಿಯಿತು. ಕಾಡಿನಲ್ಲೇ ಹುಟ್ಟಿದ ಚಳಿಗಾಲದ ಸ್ಟೀಲ್‌ಹೆಡ್ ನೂರರ ಲೆಕ್ಕಕ್ಕೆ ಬಂದಿತು. ಬೇಸಗೆಯದು ಅಳಿದಂತೆಯೇ ಎಂದು ತಿಳಿದಿದ್ದರು.

ಆ ಹೊಳೆಯನ್ನು ನಂಬಿ ಬಾಳಿದವರು ಕ್ಲಾಲಂ ಎಂಬ ಮೂಲನಿವಾಸಿಗಳು. ೧೮೫೫ರ ಒಡಂಬಡಿಕೆಯಲ್ಲಿ ಅವರು ನೆಲವನ್ನು ಬಿಟ್ಟುಕೊಟ್ಟರೂ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದರು. ಮೀನೇ ಇಲ್ಲದ ಮೇಲೆ ಮೀನು ಹಿಡಿಯುವ ಹಕ್ಕಿನಿಂದ ಏನು ಫಲ? ಸೃಷ್ಟಿಕರ್ತನು ತಮ್ಮ ಮೂಲಪುರುಷರನ್ನು ರೂಪಿಸಿದ ಪವಿತ್ರ ಸ್ಥಳವೊಂದು ಹೊಳೆಯ ದಡದಲ್ಲಿದೆಯೆಂದು ಅವರ ಹಿರಿಯರು ಹೇಳುತ್ತಿದ್ದರು. ಅದು ಕೆಳಗಣ ಕಟ್ಟೆಯ ನೀರಿನಲ್ಲಿ ಮುಳುಗಿತ್ತು. ಮಕ್ಕಳೂ ಮೊಮ್ಮಕ್ಕಳೂ ಅದನ್ನು ಕಾಣದೆ, ಕೇಳಿಯೇ ಬೆಳೆದರು.

ಎರಡು ಕಟ್ಟೆಗಳನ್ನೂ ತೆಗೆಯುವುದಕ್ಕೆ ದಾರಿ ಮಾಡಿದ ಶಾಸನವು ೧೯೯೨ರಲ್ಲಿ ಆಯಿತು. ಸರ್ಕಾರವು ಕಟ್ಟೆಗಳನ್ನು ಕೊಂಡುಕೊಂಡದ್ದು ೨೦೦೦ದಲ್ಲಿ. ಕೆಡಹುವುದು ಮೊದಲಾದದ್ದು ೨೦೧೧ರ ಸೆಪ್ಟೆಂಬರಿನಲ್ಲಿ. ಕಟ್ಟುವುದಕ್ಕೆ ಮೂರು ವರ್ಷ ಹಿಡಿದದ್ದನ್ನು ಕೆಡಹಲು ಇಷ್ಟು ಕಾಲವೇಕೆಂದರೆ, ಒಮ್ಮೆಗೇ ಒಡೆಯುವಂತಿರಲಿಲ್ಲ. ಎರಡು ಸರೋವರಗಳ ತಳದಲ್ಲಿ ಸುಮಾರು ೨ ಕೋಟಿ ೧೦ ಲಕ್ಷ ಘನಮೀಟರಿನಷ್ಟು ಹೂಳು ಕೂತಿತ್ತು. ಮೆಲ್ಲಮೆಲ್ಲನೆ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟೆಯನ್ನು ತಗ್ಗಿಸುತ್ತ, ನಡುನಡುವೆ ಮೀನುಗಳಿಗಾಗಿ ನಿಲ್ಲಿಸುತ್ತ ಕೆಲಸ ನಡೆಸಿದರು. ೨೦೧೨ರ ಮಾರ್ಚಿನಲ್ಲಿ ಕೆಳಗಣದು ಇಲ್ಲವಾಯಿತು. ೨೦೧೪ರ ಆಗಸ್ಟಿನಲ್ಲಿ ಮೇಲಣದರ ಕೊನೆಯ ತುಂಡನ್ನು ಸಿಡಿಸಿದರು. ಆ ವರೆಗೆ ಜಗತ್ತಿನಲ್ಲಿ ಕೆಡವಿದ ಕಟ್ಟೆಗಳಲ್ಲಿ ಇದೇ ದೊಡ್ಡದು. ಪಟ್ಟಣದ ನೀರನ್ನು ಶುದ್ಧಿಮಾಡುವ ಯಂತ್ರಾಗಾರಗಳೂ ಮೊದಲಾದುವೆಲ್ಲ ಸೇರಿ ಒಟ್ಟು ವೆಚ್ಚ ಸುಮಾರು ೩೨ ಕೋಟಿ ೫೦ ಲಕ್ಷ ಡಾಲರು. ಕೆಳಗಣ ಸರೋವರ ಬತ್ತಿದಾಗ ಕ್ಲಾಲಂ ಹಿರಿಯರು ಹೇಳುತ್ತಿದ್ದ ಆ ಪವಿತ್ರ ಸ್ಥಳವು, ೨೦೧೨ರಲ್ಲಿ, ಇದ್ದಲ್ಲಿಯೇ ದೊರೆಯಿತು.

ಮೇಲಣ ಕಟ್ಟೆಯ ಜಾಗಕ್ಕೆ ಮೊದಲು ರಸ್ತೆಯಿತ್ತು. ಬಿಡುಗಡೆ ಹೊಂದಿದ ಹೊಳೆಯು ಪಾತ್ರವನ್ನು ಬದಲಿಸಿ ಆ ರಸ್ತೆಯನ್ನೇ ಕೊಚ್ಚಿಕೊಂಡು ಹೋದುದರಿಂದ ಮ್ಯಾಡಿಸನ್ ಜಲಪಾತದಿಂದ ಮುಂದಕ್ಕೆ ನಡೆದೇ ಹೋಗಬೇಕಾಯಿತು. ಸೀಡರ್ ಮರಗಳ ನೆರಳು, ಕಾಲಡಿಯಲ್ಲಿ ಪಾಚಿಯ ಮೆತ್ತೆ. ಎರಡು ಗಂಟೆಯ ನಡಿಗೆಯ ಆಯಾಸ ತಿಳಿಯಲಿಲ್ಲ. ಕಂದರದ ಒಂದು ಮಗ್ಗುಲಲ್ಲಿ ಹಳೆಯ ಕಟ್ಟೆಯ ಕೋಡಿಯನ್ನು ಮಾತ್ರ ಉಳಿಸಿ, ಜನರು ನಿಂತು ನೋಡುವಂತೆ ಅದಕ್ಕೆ ಕಟಕಟೆ ಹಾಕಿದ್ದಾರೆ. ಅಲ್ಲಿಂದ ಕೆಳಕ್ಕೆ ಬಗ್ಗಿದರೆ ಎದೆ ಝಲ್ಲೆನ್ನುವಷ್ಟು ಆಳದಲ್ಲಿ ಹೊಳೆಯು ಬಿಳಿಯ ಹಗ್ಗದಂತೆ ಹೊಸೆದುಕೊಂಡು ಹರಿಯುತ್ತಿತ್ತು. ಕಟ್ಟೆ ಹೋದ ಮೇಲೆಯೂ ಇಲ್ಲಿ ದೊಡ್ಡ ಬಂಡೆಗಳುರುಳಿ ಮೀನಿಗೆ ಅಡ್ಡವಾಗಿದ್ದುವಂತೆ. ಅವುಗಳನ್ನೂ ಮುಂದೆ ಸಿಡಿಸಿ ದಾರಿ ಮಾಡಬೇಕಾಯಿತು.

ಮೇಲುಗಡೆಗೆ ತಿರುಗಿದರೆ, ಸರೋವರವಿದ್ದ ವಿಶಾಲವಾದ ಬಟ್ಟಲು. ಹಳೆಯ ಚಿತ್ರಗಳಲ್ಲಿ ಅದು ಬರಿಯ ಬೂದುಬಣ್ಣದ ಹೂಳಿನ ಮರುಭೂಮಿ. ಈಗ ಅದರ ತುಂಬ ಆಲ್ಡರ್ ಮತ್ತು ವಿಲ್ಲೋ ಗಿಡಗಳು ಆಳೆತ್ತರವನ್ನು ಮೀರಿ ಬೆಳೆದಿದ್ದುವು. ಲಕ್ಷಗಟ್ಟಲೆ ಸಸಿಗಳನ್ನು ನೆಟ್ಟು, ಕಾಡಿನ ಬೀಜಗಳನ್ನೇ ಆಯ್ದು ತಂದು ಬಿತ್ತಿದ್ದರು. ಬಿತ್ತಿದ್ದರಲ್ಲಿ ಲೂಪಿನ್ ಎಂಬ ನೀಲಿಹೂವಿನ ಗಿಡ ಚೆನ್ನಾಗಿ ಹಿಡಿಯಿತು. ಅದು ನಮ್ಮ ಹುರುಳಿ ಅವರೆಗಳ ಕುಲದ್ದು. ಸಾರವಿಲ್ಲದ ಮರಳಿನಲ್ಲಿ ತಾನು ಬೆಳೆದು ನೆಲಕ್ಕೂ ಸಾರ ಕೊಡುವುದು. ನಾವು ಹೋದ ಕಾಲದಲ್ಲಿ ಹೂವು ಮುಗಿದು, ಒಣಗಿದ ಕಾಯಿಗಳು ಗಾಳಿಗೆ ಗಿಲಕಿಯಾಡುತ್ತಿದ್ದುವು.

ಈ ಕಂದರದ ಮೇಲುಗಡೆ ನೂರು ವರ್ಷ ಏನು ನಡೆಯಿತೆಂಬುದೇ ಈ ಕಥೆಯ ತಿರುಳು. ೧೯೧೩ರಲ್ಲಿ ಬಾಗಿಲು ಮುಚ್ಚಿದಾಗ ಮೇಲುಗಡೆಯಲ್ಲಿ ಸಿಕ್ಕಿಕೊಂಡ ಸಾಲ್ಮನ್ನುಗಳಿಗೆ ಉಪಾಯವಿರಲಿಲ್ಲ. ಅವು ಕಡಲಿಗೆ ಹೋಗಿ ಬಂದೇ ಬಾಳತಕ್ಕವು. ಆದುದರಿಂದ ಅಲ್ಲಿ ಅವುಗಳ ಸಂತತಿ ಅಳಿಯಿತು. ಟ್ರೌಟಿಗೆ ಮಾತ್ರ ಎರಡನೆಯ ಬಾಳು ಸಾಧ್ಯವಿತ್ತು. ಅದು ಹೊಳೆಯಲ್ಲಿಯೇ ಉಳಿಯಿತು. ಸಣ್ಣ ಮೈಯ ಕಾಮನಬಿಲ್ಲಿನ ಟ್ರೌಟಾಗಿ ತಲೆಮಾರು ತಲೆಮಾರು ಬಾಳಿತು. ಇದರ ನಡುವೆ ಯಾವ ಮರಿಗಾದರೂ ಕಡಲಿನ ಸೆಳೆತ ಹುಟ್ಟಿ ಕೆಳಕ್ಕೆ ಹೊರಟರೆ, ಕಟ್ಟೆಯ ಮೇಲಿಂದ ಕೆಳಗೆ ಬಿದ್ದ ಮೇಲೆ ಅದು ಹಿಂದಿರುಗುವಂತಿರಲಿಲ್ಲ. ಹೋದದ್ದು ಹೋಯಿತು, ಉಳಿದದ್ದೇ ಮನೆ ನಡೆಸಿತು. ಇಪ್ಪತ್ತು ಮೂವತ್ತು ತಲೆಮಾರು ಹೀಗೆ ನಡೆದರೆ ಕಡಲಿಗೆ ಹೋಗುವ ಗುಣವೇ ಆ ಬಳಗದಿಂದ ಸೋರಿಹೋಗಬೇಕಾದುದು ನ್ಯಾಯ.

ಹಾಗಾಗಲಿಲ್ಲ. ಕಟ್ಟೆ ಹೋದ ಕೆಲವೇ ವರ್ಷಗಳಲ್ಲಿ, ಅಳಿಯಿತೆಂದು ಲೆಕ್ಕದಿಂದ ಬಿಟ್ಟಿದ್ದ ಬೇಸಗೆಯ ಸ್ಟೀಲ್‌ಹೆಡ್ ಮೇಲುಹೊಳೆಯ ಮಡುಗಳಲ್ಲಿ ಕಾಣಿಸಿಕೊಂಡಿತು. ಮುಖಕ್ಕೆ ಗಾಜು, ಬಾಯಿಗೆ ಉಸಿರಿನ ಕೊಳವೆ ಕಟ್ಟಿಕೊಂಡು, ಆ ಮಂಜಿನಂತಹ ನೀರಿನಲ್ಲಿ ಮುಖ ಕೆಳಗಾಗಿ ತೇಲುತ್ತ ಮೈಲಿಗಟ್ಟಲೆ ಮೀನೆಣಿಸುವವರುಂಟು. ಅವರು ನೂರರ ಲೆಕ್ಕದಲ್ಲಿ ಅವುಗಳನ್ನು ಕಂಡರು. ಇವು ಎಲ್ಲಿಂದ ಬಂದುವು? ಕಟ್ಟೆ ಕೆಡಹುವ ಮೊದಲೂ ಆಮೇಲೂ ಹಿಡಿದ ಮೀನುಗಳ ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿದ ವಿಜ್ಞಾನಿಗಳು ೨೦೨೧ರಲ್ಲಿ ಪ್ರಕಟಿಸಿದ ಫಲಿತಾಂಶವಿದು: ಮರಳಿ ಬಂದವುಗಳಲ್ಲಿ ಕಟ್ಟೆಯ ಕೆಳಗಣ ಬಳಗದ ರಕ್ತವೂ ಇದೆ, ಮೇಲೆ ಸಿಕ್ಕಿಕೊಂಡಿದ್ದ ಬಳಗದ ರಕ್ತವೂ ಇದೆ, ಬೇಸಗೆಯಲ್ಲಿಯೇ ಬೇಗ ಬರುವ ಹುಟ್ಟುಗುಣವನ್ನು ಉಳಿಸಿಕೊಂಡು ಬಂದದ್ದು ಮೇಲಣ ಬಳಗ. ಎಂದರೆ, ಕಡಲನ್ನು ಮುತ್ತಜ್ಜಿಯ ಮುತ್ತಜ್ಜಿಯೂ ಕಾಣದ ಮರಿಗಳು ಬಾಗಿಲು ತೆರೆದ ಕೂಡಲೇ ಬೆಳ್ಳಿಯ ಮೈ ತಳೆದು ಹೊರಟುವು, ಹೋಗಿ ಬೆಳೆದುವು, ತಪ್ಪದೆ ತಮ್ಮ ಹೊಳೆಗೇ ಮರಳಿದುವು.

ಗುಣ ಸೋರಿಹೋಗದೆ ಹೇಗೆ ಉಳಿಯಿತು? ಹೋಗುವುದಕ್ಕೂ ಉಳಿಯುವುದಕ್ಕೂ ಒಂದೇ ಹುಟ್ಟುಗುಣ ಕಾರಣವಲ್ಲವಾದುದರಿಂದ, ಉಳಿದವುಗಳ ಮೈಯಲ್ಲಿಯೂ ಹೋಗುವ ಗುಣ ಮಲಗಿದ್ದಿರಬಹುದು. ಬೇರೆ ಕಡೆಗಳಲ್ಲಿ ಕಟ್ಟೆಯ ಹಿಂದಣ ಸರೋವರವನ್ನೇ ಒಂದು ಪುಟ್ಟ ಕಡಲಾಗಿ ಬಳಸಿಕೊಂಡು, ಅಲ್ಲಿಗೆ ಇಳಿದು ಮೇದು ಪುನಃ ಹೊಳೆಗೇರುವ ಟ್ರೌಟುಗಳನ್ನು ಕಂಡಿದ್ದಾರೆ. ಇಲ್ಲಿಯೂ ಹಾಗೆ ಅಭ್ಯಾಸ ತಪ್ಪದಂತೆ ನಡೆಸಿಕೊಂಡು ಬಂದಿದ್ದರೆ ಅಚ್ಚರಿಯಿಲ್ಲ. ಒಂದು ತಲೆಮಾರು ಪರದೇಶದಲ್ಲಿದ್ದರೆ ಮಕ್ಕಳಿಗೆ ಕನ್ನಡ ಮರೆಯುವುದೆಂದು 
ಗೊಣಗುವವರಾದ ನಾವು ಈ ಮೀನಿನ ಮುಂದೆ ಸುಮ್ಮನಾದೆವು.

ಆದರೂ ಎಲ್ಲವೂ ಸುಖಾಂತವಾಯಿತೆಂದು ಬರೆದರೆ ಸತ್ಯವಾಗದು. ಚಳಿಗಾಲದ ಸ್ಟೀಲ್‌ಹೆಡ್ ಸಾವಿರವನ್ನು ಮೀರಿ ಬರುತ್ತಿದೆ, ನಿಜ. ಅಳಿವೆಯ ಬಳಿ ನೀರಿನೊಳಗೆ ಶಬ್ದದಲೆಗಳನ್ನು ಬಿಟ್ಟು ಮೀನೆಣಿಸುವ ಯಂತ್ರಗಳಿಂದಲೂ, ವಸಂತದಲ್ಲಿ ಜಲ್ಲಿಯ ಗೂಡುಗಳನ್ನು ಎಣಿಸಿಯೂ ಈ ಲೆಕ್ಕ ಹಾಕುವರು. ಆದರೆ ಹಿಂದಣ ಕಾಲದ ತುಂಬು ಹೊಳೆಗೆ ಇದು ಇನ್ನೂ ಸಮವಲ್ಲ. ಸಾಲ್ಮನ್ನುಗಳಲ್ಲಿ ಕೆಲವು ಜಾತಿಗಳ ಬೆಳವಣಿಗೆ ಬಹಳ ನಿಧಾನ. ಕೆಸರು ಉಕ್ಕುವ ವರ್ಷಗಳಲ್ಲಿ ಮೀನಿನ ವಂಶ ಅಳಿಯದಿರಲೆಂದು ಮರಿಮನೆಯಲ್ಲಿ ಬೆಳೆಸಿ ಬಿಟ್ಟರು. ಸಾಕಿದ ಮೀನು ಕಾಡುಮೀನಿನ ಕಸುವನ್ನು ಕೆಡಿಸುವುದೆಂದು ಕೆಲವರು ನ್ಯಾಯಸ್ಥಾನಕ್ಕೂ ಹೋದರು. ಎರಡು ಪಕ್ಷದವರೂ ಮೀನಿನ ಹಿತಚಿಂತಕರೇ. ಇದಲ್ಲದೆ ಹೊಳೆಯನ್ನು ಸರಿಪಡಿಸಬಹುದು, ಕಡಲನ್ನು ಸರಿಪಡಿಸುವುದು ಯಾರ ಕೈಯಲ್ಲಿದೆ? ಎಲ್ವಾವೂ ಸೇರಿದ ಪ್ಯೂಜೆಟ್ ಸೌಂಡ್ ಪ್ರದೇಶದ ಸ್ಟೀಲ್‌ಹೆಡ್ಡನ್ನು ೨೦೦೭ರಲ್ಲಿ ಅಪಾಯಕ್ಕೀಡಾದ ಜೀವಿಗಳ ಪಟ್ಟಿಗೆ ಸೇರಿಸಿದರು. ಆ ಪಟ್ಟಿಯಿಂದ ಅದನ್ನು ಇನ್ನೂ ತೆಗೆದಿಲ್ಲ.

ನಮ್ಮ ದೇಶದಲ್ಲಿಯೂ ಇಂತಹ ಯಾತ್ರಿಕ ಮೀನುಂಟು. ಬಂಗಾಳಿಗಳಿಗೆ ಪ್ರಾಣವಾದ ಹಿಲ್ಸಾ ಕಡಲಿನಿಂದ ಗಂಗೆಯನ್ನೇರಿ ಬಹುದೂರ ಹೋಗುತ್ತಿತ್ತು. ೧೯೭೫ರಲ್ಲಿ ಫರಕ್ಕಾದ ಅಡ್ಡಗಟ್ಟು ಬಂದ ಮೇಲೆ ಮೇಲುಗಂಗೆಯಲ್ಲಿ ಅದು ಅಪರೂಪವಾಯಿತು. ಫರಕ್ಕಾವನ್ನು ಕೆಡಹಿರೆಂದು ಹೇಳುವಷ್ಟು ನಾವು ಸಾಹಸಿಗಳಲ್ಲ. ಅಮೇರಿಕದಲ್ಲಿಯೇ ಕ್ಲಾಮತ್ ಎಂಬ ಇನ್ನೊಂದು ನದಿಯ ನಾಲ್ಕು ಕಟ್ಟೆಗಳನ್ನು ೨೦೨೪ರಲ್ಲಿ ತೆಗೆದು ಮುಗಿಸಿದರು. ಅದೇ ವರ್ಷ ಶರತ್ಕಾಲದಲ್ಲಿ ಸಾಲ್ಮನ್ನುಗಳು ಆ ಕಟ್ಟೆಗಳಿದ್ದ ಜಾಗವನ್ನು ದಾಟಿ ಮೇಲಕ್ಕೆ ಹೋದುವು.

ಮರುದಿನ ಅಳಿವೆಗೆ ಹೋದೆವು. ಕಟ್ಟೆಗಳ ಹಿಂದೆ ನೂರು ವರ್ಷ ಸೆರೆಯಲ್ಲಿದ್ದ ಮರಳು ಕೆಳಗಿಳಿದು ಬಂದು ಇಲ್ಲಿ ಹತ್ತಾರು ಎಕರೆ ಹೊಸ ನೆಲವನ್ನೇ ಮಾಡಿದೆ. ಹಿಂದೆ ಬರಿಯ ಉರುಟುಕಲ್ಲುಗಳಿದ್ದ ದಡದಲ್ಲಿ ಈಗ ಕಾಲು ಹುಗಿಯುವ ಮರಳು. ಊರಿನ ಮಕ್ಕಳು ಅದರಲ್ಲಿ ಆಡುತ್ತಿದ್ದರು. ಹೊಳೆಯ ಒಂದು ಕವಲಿನ ಬದಿಯಲ್ಲಿ, ಮೊಳಕಾಲುದ್ದದ ನಿಂತ ನೀರಿನಲ್ಲಿ, ಬೆರಳುದ್ದದ ಮರಿಗಳ ಒಂದು ಗುಂಪು ಕಾಣಿಸಿತು. ನೆರಳು ಬಿದ್ದೊಡನೆ ಚದರಿ, ಕ್ಷಣದಲ್ಲಿ ಮತ್ತೆ ಕೂಡಿ ಪ್ರವಾಹಕ್ಕೆ ಮುಖ ಮಾಡಿ ನಿಂತುವು. ಮಗ್ಗುಲಲ್ಲಿ ಆ ಬೆರಳೊತ್ತಿದ ಗುರುತುಗಳು ಸ್ಪಷ್ಟವಾಗಿದ್ದುವು. ಅವುಗಳಲ್ಲಿ ಯಾವುದು ಹೋಗುವುದು, ಯಾವುದು ಉಳಿಯುವುದು ಎಂಬುದನ್ನು ನೋಡಿ ಹೇಳುವ ಬಗೆಯಿಲ್ಲ. ನಮ್ಮ ಮನೆಯಾಕೆ ಕಲ್ಲಿನ ಮೇಲೆ ಕುಳಿತು ಅವುಗಳನ್ನೇ ಬಹಳ ಹೊತ್ತು ನೋಡಿದಳು. ಸೋದರಳಿಯನೂ ಮಾತನಾಡಲಿಲ್ಲ.

ಕಟ್ಟೆ ಕೆಡಹತೊಡಗಿದ ೨೦೧೧ರಿಂದಲೂ ಆ ಹೊಳೆಯಲ್ಲಿ ಮೀನು ಹಿಡಿಯುವುದನ್ನು ಎಲ್ಲರೂ ನಿಲ್ಲಿಸಿದ್ದರು. ಕ್ಲಾಲಂ ಜನರೂ, ಒಡಂಬಡಿಕೆಯ ಹಕ್ಕಿದ್ದರೂ, ತಾವಾಗಿಯೇ ನಿಲ್ಲಿಸಿದ್ದರು. ಹನ್ನೆರಡು ವರ್ಷಗಳಾದ ಮೇಲೆ, ೨೦೨೩ರ ಅಕ್ಟೋಬರಿನಲ್ಲಿ, ತಮ್ಮ ಆಚರಣೆಗಾಗಿಯೂ ಊಟಕ್ಕಾಗಿಯೂ ಸ್ವಲ್ಪ ಮೀನನ್ನು ಹಿಡಿದರು. ಅದು ಕೋಹೋ ಎಂಬ ಸಾಲ್ಮನ್. ಸ್ಟೀಲ್‌ಹೆಡ್ಡನ್ನು ಆ ಸಲವೂ ಮುಟ್ಟಲಿಲ್ಲ.